ಗೊಣಗಿದ ದಿನದ ಹಿಡಿ ಅಕ್ಕಿ

ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಅಂದರೆ ಲೆಂಟ್, ಶುರುವಾದ ಭಾನುವಾರ ನಮ್ಮ ಅಯ್ಯ ಪ್ರಸಂಗ ಪೀಠದಿಂದ ಒಂದು ರೂಲು ಹಾಕಿದರು. ಅವತ್ತಿನಿಂದ ನಾನು ಗೊಣಗಿದಷ್ಟೂ ನಮ್ಮ ಮನೆಗೆ ಲಾಭವಾಯಿತು.

ನಂಬಿಕೆ ಬರಲಿಲ್ಲವಾ? ಪೂರ್ತಿ ಕೇಳಿ.

(ಅಯ್ಯ ಅಂದರೆ ನಮ್ಮ ಸಭೆಯ ಪಾದ್ರಿ. ಮೆಟ್ಟೂರಿನಲ್ಲಿ ತಮಿಳಿನವರೂ ಕನ್ನಡದವರೂ ಒಂದೇ ಚಾಪೆಯ ಮೇಲೆ ಕೂತು ಅವರನ್ನು ಹಾಗೇ ಕರೆಯುತ್ತೇವೆ. ಒಳ್ಳೆಯವರು. ವಯಸ್ಸು ಮೂವತ್ತು ದಾಟಿಲ್ಲ, ಮದುವೆಯಾಗಿಲ್ಲ. ಈ ಎರಡನೆಯ ವಿಷಯ ನೆನಪಿಟ್ಟುಕೊಂಡಿರಿ.)

ಹಿಡಿ ಅಕ್ಕಿ ನಿಮಗೆ ಹೊಸದಲ್ಲ. ಅನ್ನಕ್ಕೆ ಅಕ್ಕಿ ಅಳೆಯುವಾಗ ಮೊದಲು ಒಂದು ಹಿಡಿ ತೆಗೆದು, ಒಂದು ಸ್ತೋತ್ರ ಹೇಳಿ, ಬೇರೆ ಡಬ್ಬಿಗೆ ಹಾಕುತ್ತೇವೆ. ವಾರದ್ದು ಸೇರಿದರೆ ಏಳು ಹಿಡಿ. ಭಾನುವಾರ ಅದನ್ನು ಬಟ್ಟೆ ಚೀಲದಲ್ಲಿ ಕಟ್ಟಿಕೊಂಡು ಹೋಗಿ ದೇವಾಲಯದ ಬಾಗಿಲ ಹತ್ತಿರ ಇರುವ ಮರದ ಪೆಟ್ಟಿಗೆಗೆ ಸುರಿಯುತ್ತೇವೆ. ನಮ್ಮಮ್ಮ ಹಾಗೆ ಮಾಡುತ್ತಿದ್ದಳು, ನಾನೂ ಮಾಡುತ್ತೇನೆ. ಪೆಟ್ಟಿಗೆಯಿಂದ ಆ ಅಕ್ಕಿ ಎಲ್ಲಿಗೆ ಹೋಗುತ್ತದೆ ಅಂತ ಮದುವೆಯಾಗಿ ಮೆಟ್ಟೂರಿಗೆ ಬಂದಾಗಿನಿಂದ ನಾನು ಒಂದು ದಿನ ಕೇಳಿದವಳಲ್ಲ. ದೇವರಿಗೆ ಕೊಟ್ಟ ಮೇಲೆ ವಿಳಾಸ ಕೇಳುತ್ತಾರಾ?

ಆ ಭಾನುವಾರ ಅಯ್ಯ ಬೈಬಲಿನಲ್ಲಿ ನಲವತ್ತು ವರ್ಷ ಅಲೆದು ಅರಣ್ಯದಲ್ಲಿ ಗೊಣಗಿದ ಜನರ ಮೇಲೆ ಮಾತಾಡಿದರು. ಆಕಾಶದಿಂದ ಊಟ ಬಿದ್ದರೂ ‘ದಿನಾ ಇದೇನಾ’ ಅಂದವರ ಮೇಲೆ. (ನನಗೆ ಆ ಹೆಂಗಸರ ಮೇಲೆ ಒಳಗೊಳಗೇ ಸ್ವಲ್ಪ ಕನಿಕರ ಉಂಟು. ನಲವತ್ತು ವರ್ಷ ಒಂದೇ ಅಡುಗೆ! ನಮ್ಮ ಯಜಮಾನರಿಗೆ ಎರಡು ದಿನ ಒಂದೇ ಸಾರು ಬಡಿಸಿದರೆ ತಟ್ಟೆಗೆ ಹೇಳುವ ಹಾಗೆ ನಿಟ್ಟುಸಿರು ಬಿಡುತ್ತಾರೆ.) ಮಾತು ಮುಗಿಸುವ ಮೊದಲು ಅಯ್ಯ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಏನೋ ಬರುತ್ತದೆ ಅಂತ ಅರ್ಥ.

“ಈಸ್ಟರ್ ತನಕ ಯಾರೂ ಗೊಣಗಬಾರದು. ಗೊಣಗಿದ ದಿನದ ಹಿಡಿ ಅಕ್ಕಿ ದೇವರಿಗೆ ಬೇಡ. ಬಾಯಲ್ಲಿ ಕಹಿ ಇಟ್ಟುಕೊಂಡು ಕೈಯಲ್ಲಿ ಕಾಣಿಕೆ ತರಬೇಡಿ. ಆ ಹಿಡೀನ ವಾಪಸ್ಸು ನಿಮ್ಮ ಅನ್ನದ ಪಾತ್ರೆಗೇ ಹಾಕ್ಕೊಳ್ಳಿ.”

ಮದುವೆಯಾದ ಗಂಡಸು ಇಂಥ ರೂಲು ಹಾಕುತ್ತಾನಾ?

ಈಗ ನಮ್ಮ ಲೈನಿನ ಟ್ಯಾಪಿನ ವಿಷಯ ಹೇಳಬೇಕು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರು. ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಹನ್ನೆರಡು ಮನೆ, ಒಂದು ಟ್ಯಾಪು. ಬಾಗಿಲಲ್ಲಿ ನಿಂತರೆ ಎದುರಿಗೇ ಡ್ಯಾಮು. ಅಷ್ಟು ದೊಡ್ಡ ಗೋಡೆ, ಅದರ ಹಿಂದೆ ಇಡೀ ಕಾವೇರಿ. ಅದನ್ನು ನೋಡುವುದಕ್ಕೆ ಸೇಲಂನಿಂದ ಜನ ಬಸ್ಸಲ್ಲಿ ಪುಳಿಯೋಗರೆ ಕಟ್ಟಿಕೊಂಡು ಬರುತ್ತಾರೆ, ‘ಅಬ್ಬಾ ಎಷ್ಟು ನೀರು’ ಅನ್ನುತ್ತಾರೆ. ಇತ್ತ ನಮ್ಮ ಟ್ಯಾಪಿನಲ್ಲಿ ಬೆಳಿಗ್ಗೆ ಒಂದು ಗಂಟೆ ಹೊತ್ತು ನೂಲಿನ ಎಳೆಯಷ್ಟು ನೀರು. ಅದೂ ಕೆಮ್ಮಿಕೊಂಡು. ಒಂದು ಕೊಡ ತುಂಬುವಷ್ಟರಲ್ಲಿ ಕೀರ್ತನೆಯೊಂದನ್ನು ಎಲ್ಲಾ ಚರಣ ಸೇರಿಸಿ ಎರಡು ಸಲ ಹಾಡಬಹುದು.

ಇಂಥ ಟ್ಯಾಪಿನ ಮುಂದೆ ಗೊಣಗದೆ ನಿಲ್ಲುವವಳು ದೇವದೂತೆಯೇ ಆಗಿರಬೇಕು. ದೇವದೂತರಿಗೆ ನೀರು ಹೊರುವ ಕೆಲಸ ಇರುವುದಿಲ್ಲ.

ಹೀಗಾಗಿ ದಿನಾ ಬೆಳಗಾಗುತ್ತಿದ್ದ ಹಾಗೇ ನನ್ನ ಆ ದಿನದ ಹಿಡಿ ಹೋಗುತ್ತಿತ್ತು. ಮೊದಲ ವಾರ ನನ್ನ ಚೀಲದಲ್ಲಿ ಒಂದೇ ಹಿಡಿ. ಅದು ಮಂಗಳವಾರದ್ದು. ಮಂಗಳವಾರ ನನಗೆ ಗಂಟಲು ಕಟ್ಟಿ ಮಾತೇ ಹೊರಡುತ್ತಿರಲಿಲ್ಲ.

ಆದರೂ ಆ ಚೀಲವನ್ನು ನಾನು ತಲೆ ಎತ್ತಿಕೊಂಡೇ ತೆಗೆದುಕೊಂಡು ಹೋದೆ. ಯಾಕೆ? ನಾನು ಪ್ರಾಮಾಣಿಕಳು! ಬೇಕಿದ್ದರೆ ಏಳು ಹಿಡಿ ಹಾಕಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ಲೈನಿನ ಬಾಕಿ ಹೆಂಗಸರೂ ನನ್ನ ಹಾಗೇ. ಒಬ್ಬೊಬ್ಬರ ಚೀಲವೂ ಗಾಳಿಗೆ ಹಾರುತ್ತಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಪಾಪ ಒಪ್ಪಿಕೊಳ್ಳುವುದು ಇಷ್ಟು ಹಗುರ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಒಬ್ಬಳ ಚೀಲ ಮಾತ್ರ ಗುಂಡಗೆ ತುಂಬಿತ್ತು. ಪಕ್ಕದ ಮನೆ ಸಾಲೋಮಿ ಅಕ್ಕನದು.

ಸಾಲೋಮಿ ಅಕ್ಕನ ತವರು ಪಾಪಿರೆಡ್ಡಿಪಟ್ಟಿ. ಅಣ್ಣಂದಿರು ಹೊಲದ ಕೆಂಪಕ್ಕಿ ಮೂಟೆ ಕಟ್ಟಿ ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸುತ್ತಾರೆ. ಲೈನಿನಲ್ಲಿ ಕೆಂಪಕ್ಕಿ ಅನ್ನ ಅವರ ಮನೆಯಲ್ಲಿ ಮಾತ್ರ. ಆ ಏಳು ಹಿಡಿ ಕೆಂಪಕ್ಕಿ ಪೆಟ್ಟಿಗೆಯಲ್ಲಿ ಸುರಿಯುವ ಸದ್ದು ಬಾಗಿಲಿನಿಂದ ಪೀಠದ ತನಕ ಕೇಳಿಸಿತು. ಏಳೂ ದಿನ ಗೊಣಗಲಿಲ್ಲವಂತೆ! ಟ್ಯಾಪಿನ ಹತ್ತಿರ ಅವಳ ಬಾಯಿ ಕೇಳಿದರೆ ಆ ಟ್ಯಾಪು ಹಾಕಿಸಿದವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಡಬೇಕು. ಅಂಥವಳು ಏಳು ಹಿಡಿ ತರುತ್ತಾಳೆ ಅಂದರೆ ಏನರ್ಥ? ನಾನು ಅವಳ ಕಡೆ ನೋಡಿ ಒಂದು ನಿಟ್ಟುಸಿರು ಬಿಟ್ಟೆ. (ನಿಟ್ಟುಸಿರು ಗೊಣಗಾಟದ ಲಿಸ್ಟಿನಲ್ಲಿ ಇದೆಯೋ ಇಲ್ಲವೋ ಅಯ್ಯ ಹೇಳಿರಲಿಲ್ಲ.)

ಹೀಗೆ ವಾರ ಕಳೆಯಿತು. ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಒಂದು ದಿನ ನಮ್ಮ ಯಜಮಾನರು ಅಕ್ಕಿ ಡ್ರಮ್ಮಿನ ಒಳಗೆ ಇಣುಕಿ ನೋಡಿದರು.

“ಏನೇ ಇದು, ತಿಂಗಳ ಕೊನೇಲೂ ಅಕ್ಕಿ ಐತೆ?”

“ಹಿಡಿ ಅಕ್ಕಿ ವಾಪಸ್ ಹಾಕ್ತಾ ಇದೀನಲ್ಲ. ಗೊಣಗಿದ್ದು.”

“ಹಂಗಾರೆ ಇನ್ನೊಂದಷ್ಟು ಗೊಣಗು ತಾಯಿ. ಬೇಕಾರೆ ಕಾರಣ ನಾನು ಕೊಡ್ತೀನಿ.”

ಇಬ್ಬರೂ ಜೋರಾಗಿ ನಕ್ಕೆವು. 

ಲೆಂಟಿನ ಐದನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯ ನನ್ನನ್ನು ಕರೆದರು. ಗಂಟೆ ಬಾರಿಸುವ ದೇವದಾಸನಿಗೆ ಜ್ವರ. ಪೆಟ್ಟಿಗೆಯ ಅಕ್ಕಿಯನ್ನು ಅವನೇ ಪ್ರತಿ ವಾರ ಒಯ್ದು ಕೊಟ್ಟು ಬರುತ್ತಿದ್ದನಂತೆ. “ನೀವು ಒಂದು ಸಲ ಹೋಗಿ ಬರ್ತೀರಾ ಅಮ್ಮ? ರತ್ನಮ್ಮಜ್ಜಿ ಮನೆಗೆ. ಯಾರಿಗೂ ಹೇಳಬೇಡಿ, ಅಜ್ಜಿ ಸ್ವಾಭಿಮಾನಿ.”

ರತ್ನಮ್ಮಜ್ಜಿ ಯಾರಿಗೆ ಗೊತ್ತಿಲ್ಲ? ಆ ಕಾಲದಲ್ಲಿ ಬಿಳಿ ಸೀರೆ ಉಟ್ಟು, ಕೊಡೆ ಹಿಡಿದು, ಕೊಳತ್ತೂರು ಕಡೆಯ ಹಳ್ಳಿಹಳ್ಳಿಗೂ ನಡೆದು ಹೋಗಿ ಹೆಂಗಸರಿಗೆ ವಾಕ್ಯ ಓದಿ ಹೇಳುತ್ತಿದ್ದವರು. ಮಕ್ಕಳಿಲ್ಲ. ಗಂಡ ಹೋಗಿ ಯಾವ ಕಾಲವೋ ಆಯಿತು. ಈಗ ಕಣ್ಣು ಮಂಜಾಗಿ, ಗುಡ್ಡದ ಬದಿಯ ಒಂದು ಹಂಚಿನ ಕೋಣೆಯಲ್ಲಿ ಇದ್ದಾರೆ. ಹೊಟ್ಟೆಗೆ ಏನು ಮಾಡುತ್ತಾರೆ ಅಂತ ನಾನು ಯೋಚನೆ ಮಾಡಿದ್ದೆನಾ? ಇಲ್ಲ. ದೇವಭಕ್ತರಿಗೆ ಹೊಟ್ಟೆ ಇರುವುದಿಲ್ಲ ಅಂದುಕೊಂಡಿದ್ದೆನೋ ಏನೋ.

ದೇವದಾಸನ ಹೆಂಡತಿ ಪೆಟ್ಟಿಗೆಯ ಅಕ್ಕಿ ಕಟ್ಟಿಟ್ಟಿದ್ದ ಚೀಲ ಕೈಗೆ ತೆಗೆದುಕೊಂಡೆ. ಹಗುರ. ದಾರಿಯಲ್ಲಿ ಬಿಡಿಸಿ ನೋಡಿದೆ. ಒಳಗಿದ್ದ ಅಕ್ಕಿ ಕೆಂಪಗಿತ್ತು.

ಪೂರ್ತಿ ಕೆಂಪು. ಅಲ್ಲಲ್ಲಿ ನಾಲ್ಕು ಬಿಳಿ ಕಾಳು. ಲೈನಿನ ಹನ್ನೊಂದು ಮನೆ ಪ್ರಾಮಾಣಿಕ ಹೆಂಗಸರ ಕಾಣಿಕೆ ಆ ನಾಲ್ಕು ಬಿಳಿ ಕಾಳು.

ಬಿಸಿಲು ನೆತ್ತಿಯ ಮೇಲಿತ್ತು, ಕಾಲು ಸುಡುತ್ತಿತ್ತು. ಅದಕ್ಕೆ ಮೊದಲು ಬಿಸಿಲನ್ನು ಬೈಯುತ್ತಾ ಬರುತ್ತಿದ್ದೆ. ಅಲ್ಲಿಂದ ಮುಂದಕ್ಕೆ ಬೈಯಲಿಲ್ಲ.

ಅಜ್ಜಿ ಬಾಗಿಲಲ್ಲೇ ಕೂತಿದ್ದರು. ಚೀಲವನ್ನು ಕೈಯಲ್ಲಿ ತೂಗಿ ನೋಡಿ ಪಕಪಕ ನಕ್ಕರು. ಹಲ್ಲಿಲ್ಲದ ನಗು.

“ಏನವ್ವಾ ಸುಶೀಲಾ, ಈ ವಾರಾನೂ ಊರಲ್ಲಿ ಗೊಣಗಾಟ ಜೋರಾ?”

“ನಿಮಗೆ ರೂಲು ಗೊತ್ತಾ ಅಜ್ಜಿ?”

“ಗೊತ್ತಿಲ್ದೆ ಏನು? ದೇವದಾಸ ಬಂದಾಗೆಲ್ಲ ಹೇಳ್ತಾನೆ. ಚೀಲ ಮುಟ್ಟಿದ್ರೆ ಸಾಕು, ನಿಮ್ಮ ಲೈನಿನ ಸಮಾಚಾರ ಎಲ್ಲಾ ನಂಗೆ ತಿಳಿದೋಗ್ತದೆ. ಹೋದ ವಾರ ಯಾರ ಮನೇಲೋ ಭಾರೀ ಜಗಳ ಆಗಿರಬೇಕು.”

(ನಮ್ಮ ಮನೆಯಲ್ಲೇ ಆಗಿತ್ತು.)

“ಊಟಕ್ಕೆ ಹೆಂಗೆ ಮಾಡ್ತೀರಿ ಅಜ್ಜಿ?”

“ಬೆಳಿಗ್ಗೆ ಒಂದು ಲೋಟ ಗಂಜಿ ಐತೆ. ರಾತ್ರಿಗೆ ಸ್ತೋತ್ರ ಐತೆ. ಲೆಂಟು ತಾನೆ? ಉಪವಾಸ ಅಂದ್ಕಂಡ್ರೆ ಉಪವಾಸ, ಅಕ್ಕಿ ಇಲ್ಲ ಅಂದ್ಕಂಡ್ರೆ ಅಕ್ಕಿ ಇಲ್ಲ. ಹೊಟ್ಟೆಗೆ ಏನು, ಹೆಂಗೆ ಹೇಳಿದ್ರೂ ನಂಬ್ತದೆ.”

 ಹಾಳು ಅಭ್ಯಾಸ ನೋಡಿ, ಟ್ಯಾಪಿನ ವಿಷಯ ಎತ್ತಿದೆ. ನೀರಿಲ್ಲ ಅಜ್ಜಿ, ಬೆಳಗ್ಗೆಯೇ ತಲೆ ಕೆಡುತ್ತದೆ, ಅದಕ್ಕೇ ಬಾಯಿ ಜಾರುತ್ತದೆ ಅಂತ.

ಅಜ್ಜಿ ಡ್ಯಾಮಿನ ಕಡೆ ಮುಖ ತಿರುಗಿಸಿದರು. ನಾನು ಮರೆತೇಬಿಟ್ಟಿದ್ದೆ. ಅವರ ಊರು ಈಗ ಆ ನೀರಿನ ಅಡಿಯಲ್ಲಿದೆ. ಡ್ಯಾಮು ಕಟ್ಟಿದಾಗ ಮನೆ, ಹಿತ್ತಿಲು, ಗಂಡನನ್ನು ಮಣ್ಣು ಮಾಡಿದ ಜಾಗ, ಎಲ್ಲಾ ಮುಳುಗಿತು. ಬೇಸಗೆಯಲ್ಲಿ ನೀರು ಇಳಿದಾಗ ಅಲ್ಲಿಯ ಹಳೆಯ ದೇವಾಲಯದ ಗೋಪುರ ಮೇಲೆ ಕಾಣುತ್ತದೆ ಅಂತ ಜನ ನೋಡಲು ಹೋಗುತ್ತಾರೆ. ಅಜ್ಜಿಯ ಮದುವೆ ನಡೆದದ್ದು ಅದೇ ದೇವಾಲಯದಲ್ಲಿ.

“ನೀರಿಲ್ವಾ?” ಅಂದರು ಅಜ್ಜಿ. “ನಮ್ಮ ಮನೆ ಮೇಲೆ ಬೇಕಾದಷ್ಟು ಐತಲ್ಲವ್ವಾ. ಒಂದೆರಡು ಕೊಡ ತಗೊಂಡೋಗು.”

ಹೇಳಿ ಮತ್ತೆ ನಕ್ಕರು. ನಾನು ನಗಲಿಲ್ಲ.

ಆಮೇಲೆ ಅಜ್ಜಿ ಎದ್ದು, ತಡವಿಕೊಂಡು ಹೋಗಿ, ಮಡಕೆಯಿಂದ ಒಂದು ಲೋಟ ಗಂಜಿ ಬಗ್ಗಿಸಿ ತಂದು ನನ್ನ ಮುಂದೆ ಇಟ್ಟರು. ಬೇಡ ಅಂದೆ. “ಮನೆಗೆ ಬಂದೋಳು ಬರೀ ಹೊಟ್ಟೇಲಿ ಹೋಗ್ತಾಳಾ? ಸುಮ್ಕೆ ಕುಡಿ” ಅಂತ ಗದರಿದರು. ಕುಡಿಯುವ ಮೊದಲು ಪ್ರಾರ್ಥನೆ ಬೇರೆ. ಆ ಲೋಟ ಗಂಜಿಗೆ ಅಜ್ಜಿ ಮಾಡಿದ ಸ್ತೋತ್ರ, ನಾವು ಮದುವೆ ಬಿರಿಯಾನಿಗೂ ಮಾಡುವುದಿಲ್ಲ. ಬಿಸಿಲಿಗೆ ಸ್ತೋತ್ರ, ನೆರಳಿಗೆ ಸ್ತೋತ್ರ, ದೇವದಾಸನ ಜ್ವರ ಬಿಡಲಿ, ಅಕ್ಕಿ ಕೊಟ್ಟ ಕೈಗಳನ್ನೆಲ್ಲಾ ಆಶೀರ್ವದಿಸು ಕರ್ತನೇ, ಸುಶೀಲಳ ಕೈಯನ್ನೂ ಆಶೀರ್ವದಿಸು.

ಸುಶೀಲಳ ಕೈ! ಆ ಕೈ ನಾಲ್ಕು ವಾರ ಏನು ಮಾಡಿತ್ತು? ದೇವರಿಗೆ ಅಂತ ತೆಗೆದ ಹಿಡಿಯನ್ನು ದಿನಾ ವಾಪಸ್ಸು ಸ್ವಂತ ಪಾತ್ರೆಗೆ ಹಾಕಿ ಬೇಯಿಸಿ ತಿಂದಿತ್ತು. ಅದರ ಮೇಲೆ ಪ್ರಾಮಾಣಿಕತೆಯ ಉಪ್ಪಿನಕಾಯಿ ಬೇರೆ ಹಾಕಿಕೊಂಡಿತ್ತು.

ಗಂಜಿ ಕುಡಿದೆ. ಕೆಂಪಗಿತ್ತು. ಸಾಲೋಮಿ ಅಕ್ಕನ ಅಕ್ಕಿ.

ಮಾರನೆಯ ಬೆಳಿಗ್ಗೆ ಟ್ಯಾಪಿನ ಹತ್ತಿರ ಅವಳನ್ನು ಹಿಡಿದೆ.

“ಅಕ್ಕಾ, ಆ ಅಕ್ಕಿ ಎಲ್ಲಿಗೆ ಹೋಗ್ತದೆ ಅಂತ ನಿಮಗೆ ಮುಂಚೇನೇ ಗೊತ್ತಿತ್ತಾ?”

“ತೆರಿಯುಮೇ! ಗೊತ್ತಿಲ್ದೆ?” ಸಾಲೋಮಿ ಅಕ್ಕ ಕೊಡ ಓರೆ ಮಾಡಿ ಟ್ಯಾಪಿಗೆ ಹಿಡಿದಳು. “ದೇವದಾಸನ ಹೆಂಡ್ತಿ ಹೇಳಿದ್ಲು.”

“ಮತ್ತೆ ನೀವು ದಿನಾ ಗೊಣಗ್ತೀರಲ್ಲ? ರೂಲು?”

“ರೂಲು ಅಯ್ಯಂದು. ಹೊಟ್ಟೆ ಅಜ್ಜೀದು.” ಕೊಡ ಸರಿಯಾಗಿ ಇಟ್ಟು ಮತ್ತೆ ಅಂದಳು, “ಸುಳ್ಳಿನ ವಿಷಯ ದೇವರ ಹತ್ರ ನಾನು ಮಾತಾಡ್ಕೋತೀನಿ. ಬೈದ್ರೆ ಬೈಸ್ಕೋತೀನಿ. ನೀನು ನಿಜ ಹೇಳಿದ್ಯಲ್ಲ, ಅದನ್ನ ಹೋಗಿ ಅಜ್ಜಿ ಹೊಟ್ಟೆ ಹತ್ರ ಹೇಳ್ಕೋ.”

ನನಗೆ ಸಿಟ್ಟು ಬಂತು. ಇಷ್ಟು ಸರಿಯಾಗಿ ಮಾತಾಡಿದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಆ ಸಿಟ್ಟಿನಲ್ಲೇ ಅಯ್ಯನ ಮನೆಗೆ ಹೋದೆ. ನಿಮ್ಮ ರೂಲಿನಿಂದ ಒಬ್ಬ ಮುದುಕಿ ರಾತ್ರಿ ಊಟ ಬಿಟ್ಟಿದ್ದಾರೆ ಅಂದೆ. ಪಾಪ, ಅವರ ಮುಖ ಬಿಳಿಚಿಕೊಂಡಿತು. ಪೆಟ್ಟಿಗೆಯನ್ನು ಅವರು ತೆರೆದು ನೋಡಿಯೇ ಇರಲಿಲ್ಲ. ನಾವು ನಾಚಿಕೆಗೆ ಗೊಣಗುವುದನ್ನು ಬಿಡುತ್ತೇವೆ ಅಂದುಕೊಂಡಿದ್ದರಂತೆ! (ಮದುವೆಯಾಗಿಲ್ಲ ಅಂತ ಆಗಲೇ ಹೇಳಿದೆನಲ್ಲ.) ಆಗಿಂದಾಗಲೇ ತಮ್ಮ ಅಡುಗೆಮನೆಗೆ ಹೋಗಿ ಇದ್ದ ಅಕ್ಕಿಯಲ್ಲಿ ಅರ್ಧ ಕಟ್ಟಿದರು. 

“ರೂಲು ತೆಗೆದುಬಿಡ್ತೀನಿ ಅಮ್ಮ. ಈ ಭಾನುವಾರವೇ ಹೇಳ್ತೀನಿ.”

ಹೂಂ ಅನ್ನಲು ಬಾಯಿ ತೆರೆದೆ. ಅಲ್ಲೇ ನಿಂತಿತು.

ಯಾಕೆ ಗೊತ್ತಾ? ನಾನು ಅಲ್ಲಿ ನಿಂತು ಏನು ಮಾಡುತ್ತಿದ್ದೆ? ಗೊಣಗಬೇಡ ಅಂದ ರೂಲಿನ ಮೇಲೆ ಗೊಣಗುತ್ತಿದ್ದೆ! ಅಜ್ಜಿಯ ಇವತ್ತಿನ ಹಿಡಿಯೂ ಹೋಯಿತಲ್ಲ ಅನ್ನಿಸಿತು.

ಇನ್ನೊಂದು ವಿಷಯವೂ ಅಲ್ಲೇ ಹೊಳೆಯಿತು. ಸಾಲೋಮಿ ಅಕ್ಕ ಅಕ್ಕಿ ಕೊಟ್ಟಳು, ಮಾತು ಕೇಳಲಿಲ್ಲ. ನಾನು ನಿಜ ಹೇಳಿದೆ, ಅಕ್ಕಿ ಕೊಡಲಿಲ್ಲ. ನಾವಿಬ್ಬರೂ ಸೇರಿ ಅಡ್ಡದಾರಿ ಹುಡುಕುವುದರಲ್ಲಿ ನಾಲ್ಕು ವಾರ ಕಳೆದೆವು. ನೇರ ದಾರಿ ಒಂದಿತ್ತು. ಅಯ್ಯ ಹೇಳಿದ್ದೂ ಅದನ್ನೇ. ಬಾಯಿ ಮುಚ್ಚಿಕೊಂಡಿರುವುದು! ಹನ್ನೆರಡು ಮನೆ ಹೆಂಗಸರಲ್ಲಿ ಒಬ್ಬಳಿಗೂ ಆ ದಾರಿ ತೋಚಿರಲಿಲ್ಲ.

“ರೂಲು ಇರಲಿ ಅಯ್ಯ” ಅಂದೆ. “ಈಸ್ಟರ್ ತನಕ ಇರಲಿ. ನಾನೊಂದು ಕೈ ನೋಡ್ತೀನಿ.”

ಅಯ್ಯ ಕನ್ನಡಕ ಹಾಕಿಕೊಂಡು ನನ್ನನ್ನು ದಿಟ್ಟಿಸಿ ನೋಡಿದರು. ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಆ ವಾರ ಹೇಗೆ ಹೋಯಿತು ಅಂತ ಹೇಳಲಾ?

ಮಂಗಳವಾರ ನೀರು ನೂಲಿನಷ್ಟು ಬಂತು. “ಬಂತಲ್ಲ, ಸ್ತೋತ್ರ” ಅಂದೆ, ಹಲ್ಲು ಕಚ್ಚಿಕೊಂಡು. ಹಲ್ಲು ಕಚ್ಚಿ ಹೇಳಿದ ಸ್ತೋತ್ರ ಮೇಲಕ್ಕೆ ಮುಟ್ಟುತ್ತದಾ? ದೇವರಿಗೆ ನನ್ನ ಹಲ್ಲಿನ ಪರಿಚಯ ಇದೆ, ಅರ್ಥ ಮಾಡಿಕೊಂಡಿರುತ್ತಾನೆ. ಸಾರಿಗೆ ಉಪ್ಪಿಲ್ಲ ಅಂದರು ಯಜಮಾನರು. ಉಪ್ಪಿನ ಡಬ್ಬಿ ತಂದು ಮುಂದಿಟ್ಟೆ, ಮಾತಿಲ್ಲದೆ. ಅವರು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು. “ಮೈ ಸರಿ ಇಲ್ವಾ? ಡಾಕ್ಟರ್ ಹತ್ರ ಹೋಗಾನಾ?” ಮದುವೆಯಾದ ಮೇಲೆ ಆ ಮನುಷ್ಯ ತಾನಾಗಿ ಡಾಕ್ಟರ ಹೆಸರು ಎತ್ತಿದ್ದು ಅದೇ ಮೊದಲು. ಅದಕ್ಕೂ ಒಂದು ಸ್ತೋತ್ರ.

ಬುಧವಾರ ಬಿದ್ದೆ. ಯಜಮಾನರು ಗ್ರೀಸು ಮೆತ್ತಿದ ಷರಟು ತಂದು ನಾನು ಆಗಷ್ಟೇ ಒಗೆದು ಮಡಚಿಟ್ಟ ಬಿಳಿ ಬಟ್ಟೆಯ ಮೇಲೆ ಹಾಕಿದರು. ನೀವೇ ಹೇಳಿ, ಒಂದೊಂದು ಕೊಡ ನೀರಿಗೂ ಕೀರ್ತನೆ ಹಾಡಿ ಒಗೆದ ಬಟ್ಟೆ! ಬಾಯಿ ತೆರೆಯಿತು. ಏನೇನು ಬಂತು ಅಂತ ಇಲ್ಲಿ ಬರೆದರೆ ಪತ್ರಿಕೆಯ ಸಂಪಾದಕರು ಅಚ್ಚು ಹಾಕುವುದಿಲ್ಲ.

ಬೈದು ಮುಗಿದ ಮೇಲೆ ಡಬ್ಬಿಯ ಮುಂದೆ ಕೂತೆ. ಆ ದಿನದ ಹಿಡಿ ತೆಗೆದು ಅನ್ನದ ಪಾತ್ರೆಗೆ ಹಾಕಬೇಕು. ನಾಲ್ಕು ವಾರ ಯೋಚನೆಯೇ ಇಲ್ಲದೆ ಮಾಡಿದ ಕೆಲಸ. ಅವತ್ತು ಕೈ ಏಳಲಿಲ್ಲ. ಮುಷ್ಟಿಯಲ್ಲಿ ಹಿಡಿದಾಗ ಅದು ಅಕ್ಕಿಯ ಹಾಗಿರಲಿಲ್ಲ. ಒಂದು ಲೋಟ ಗಂಜಿಯಾಗಿತ್ತು, ಅಜ್ಜಿಯ ರಾತ್ರಿಯಾಗಿತ್ತು. ಒಂದು ಗ್ರೀಸಿನ ಕಲೆಗೆ ಅಜ್ಜಿಯ ಒಂದು ರಾತ್ರಿ! ಸಾಲೋಮಿ ಅಕ್ಕನ ಹಾಗೆ ಡಬ್ಬಿಯಲ್ಲೇ ಬಿಟ್ಟುಬಿಡಲಾ ಅಂತಲೂ ಅನ್ನಿಸಿತು. ಆದರೆ ರೂಲು ಇರಲಿ ಅಂದವಳು ನಾನೇ. ಹಾಕಿದೆ. ಆ ರಾತ್ರಿ ಅನ್ನ ಇಳಿಯಲಿಲ್ಲ, ನನ್ನ ಪಾಲನ್ನು ಮುಚ್ಚಿಟ್ಟು ಬೆಳಿಗ್ಗೆ ಅಜ್ಜಿಗೆ ಗಂಜಿ ಮಾಡಿ ಒಯ್ದೆ. (ರೂಲಿನಲ್ಲಿ ಬೆಂದ ಅನ್ನದ ಮಾತು ಇಲ್ಲ. ಎರಡು ಸಲ ನೆನೆಸಿಕೊಂಡು ನೋಡಿದ್ದೇನೆ.)

ಗುರುವಾರದಿಂದ ಶನಿವಾರದ ತನಕ ಒಂದು ಮಾತೂ ಜಾರಲಿಲ್ಲ. ಶನಿವಾರ ಬೆಳಿಗ್ಗೆ ಟ್ಯಾಪಿನ ಹತ್ತಿರ ಒಂದು ವಿಚಿತ್ರ ಆಯಿತು. ನೀರು ಎಂದಿನ ಹಾಗೇ ಎಳೆಎಳೆಯಾಗಿ ಬರುತ್ತಿತ್ತು. ನಾನು ಸುಮ್ಮನೆ ನಿಂತಿದ್ದೆ. ಸುಮ್ಮನಿದ್ದದ್ದಕ್ಕೆ ಕೊಡ ತುಂಬುವ ಸದ್ದು ಕೇಳಿಸಿತು. ತಳದಲ್ಲಿ ಒಂದು ಥರ, ನಡುವಿನಲ್ಲಿ ಒಂದು ಥರ, ಕುತ್ತಿಗೆಗೆ ಬಂದಾಗ ಇನ್ನೊಂದು ಥರ. ಇಷ್ಟು ವರ್ಷ ಅದೇ ಟ್ಯಾಪು, ಅದೇ ಕೊಡ. ನನ್ನ ಬಾಯಿಯ ಸದ್ದಿನಲ್ಲಿ ನಾನದನ್ನು ಕೇಳಿರಲೇ ಇಲ್ಲ. ಈ ಸಲದ ಸ್ತೋತ್ರ ಹಲ್ಲು ಕಚ್ಚದೆ ಬಂತು.

ಭಾನುವಾರ, ಅವತ್ತಿನದೂ ಸೇರಿ ನನ್ನ ಚೀಲದಲ್ಲಿ ಐದು ಹಿಡಿ. ಸೋಮವಾರದ್ದು ಅಯ್ಯನ ಮನೆಯಲ್ಲಿ ಹೋಯಿತು, ಬುಧವಾರದ್ದು ಗ್ರೀಸಿಗೆ ಹೋಯಿತು. ಸಾಲೋಮಿ ಅಕ್ಕ ನನ್ನ ಹಿಂದೆಯೇ ಬಂದಳು. ಅವಳ ಚೀಲ ಯಾಕೋ ಸ್ವಲ್ಪ ಸಣ್ಣದಾಗಿತ್ತು. “ನಾಲ್ಕೇ ಹಿಡಿ” ಅಂದಳು ಮೆಲ್ಲಗೆ, ನೆಲ ನೋಡಿಕೊಂಡು. “ಈ ನಾಲ್ಕು ನಿಜವಾದ್ದು. ಬಾಕಿ ಮೂರನ್ನ ಹಿಟ್ಟು ಬೀಸಿ ಅಜ್ಜಿ ಮನೆಗೆ ಕೊಟ್ಟು ಬಂದೆ. ಹಿಟ್ಟಿಗೆ ರೂಲು ಇಲ್ವಲ್ಲ?”

ನೋಡಿದಿರಾ? ನಾನು ಅನ್ನ ಬೇಯಿಸಿದೆ, ಅವಳು ಹಿಟ್ಟು ಬೀಸಿದಳು. ವಿಧೇಯತೆ ಕಲಿಯುವ ಹೆಂಗಸರ ಬುದ್ಧಿಯನ್ನು ಕರ್ತನೇ ಕಾಪಾಡಬೇಕು.

ಇದನ್ನು ಬರೆಯಲಾ ಅಂತ ಅಜ್ಜಿಯನ್ನು ಕೇಳಿದೆ. ಹೆಸರು ಬದಲಾಯಿಸಿ ಬರೆಯುತ್ತೇನೆ ಅಂದೆ. (ಬದಲಾಯಿಸಿದ್ದೇನೆ. ಹುಡುಕಿಕೊಂಡು ಬರಬೇಡಿ.)

“ಬರಿ ಮಗಾ. ಆದ್ರೆ ಗಂಜಿ ತೆಳ್ಳಗಿತ್ತು ಅಂತ ಮಾತ್ರ ಬರೀಬೇಡ. ಈ ಮುದುಕಿಗೆ ಅಡುಗೆ ಬರಾಕಿಲ್ಲ ಅಂದ್ಕೊಂಡಾರು.”

ಗಂಜಿ ಗಟ್ಟಿಯಾಗಿತ್ತು. ಎಲ್ಲರೂ ಓದಿಕೊಳ್ಳಿ.

ಈಸ್ಟರಿಗೆ ಇನ್ನು ಕೆಲವೇ ದಿನ ಇದೆ. ಈ ಬರಹ ಮುಗಿಸಿ ಒಂದು ಸಲ ಓದಿ ನೋಡಿದೆ. ಟ್ಯಾಪನ್ನು ಎಷ್ಟು ಸಲ ಬೈದಿದ್ದೇನೋ, ಯಜಮಾನರ ನಿಟ್ಟುಸಿರು, ಷರಟು, ಯಾವುದನ್ನೂ ಬಿಟ್ಟಿಲ್ಲ. ಬಾಯಿ ಮುಚ್ಚಿಕೊಂಡು ಬರೆದದ್ದು ಗೊಣಗಾಟದ ಲೆಕ್ಕಕ್ಕೆ ಬರುತ್ತದಾ? ಬರುತ್ತದೆ ಅನ್ನುವವರು ದಯವಿಟ್ಟು ಗುಡ್ಡ ಹತ್ತಿ ಹೋಗಿ, ಆ ಮಾತನ್ನು ರತ್ನಮ್ಮಜ್ಜಿಗೆ ನೀವೇ ಹೇಳಿ ಬರುತ್ತೀರಾ?